ನಿಂತ ಗಾಡಿಯನ್ನು ದಾಟುವಾಗ ಸೈಕಲ್ಲಿನವರು ಕೈ ತೋರಿಸಬೇಕೇ?

ಕಳೆದ ತಿಂಗಳು ನಮ್ಮೂರ ವಾಚನಾಲಯದ ಜಗಲಿಯಲ್ಲಿ ಒಂದು ವಾದ ಹುಟ್ಟಿತು. ದಿನವೂ ಡೈರಿಗೆ ಸೈಕಲ್ಲಿನಲ್ಲಿ ಹಾಲು ಒಯ್ಯುವ ನಡುವಯಸ್ಸಿನ ರೈತರೊಬ್ಬರು ಪೇಪರನ್ನು ಮಡಿಚಿಟ್ಟು, "ರಸ್ತೆ ಬದಿ ಬಸ್ ನಿಂತಿದ್ರೆ ಅದನ್ನು ದಾಟೋ ಮೊದಲು ಬಲಗೈ ಚಾಚಬೇಕು ಅಂತ ಹೈಸ್ಕೂಲಿನಲ್ಲಿ ಮೇಷ್ಟ್ರು ನನ್ನ ಮಗಳಿಗೆ ಹೇಳಿಕೊಟ್ಟಿದ್ದಾರೆ. ನಿಂತಿರೋ ಬಸ್ಸಿಗೆ ಯಾಕೆ ಸ್ವಾಮಿ ಕೈ ತೋರಿಸೋದು? ಅದೇನು ನನ್ನ ನೋಡ್ತದಾ?" ಎಂದು ಕೇಳಿದರು. ಕೂತಿದ್ದವರೆಲ್ಲ ನಕ್ಕರು. ನಾನೂ ನಗುತ್ತಿದ್ದೆನೇನೋ, ಆದರೆ ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಿಗೆ ಬಂದು ನಗು ಬಾಯಲ್ಲೇ ಉಳಿಯಿತು.

ಅದು ಕಬ್ಬು ಅರೆಯುವ ಕಾಲ. ಪಾಂಡವಪುರದ ಕಡೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಊರಿಗೆ ಬರುತ್ತಿದ್ದೆ. ಮುಂದೆ ಕಬ್ಬು ತುಂಬಿದ ಟ್ರಾಕ್ಟರ್ ಒಂದು ಟೈರು ಪಂಕ್ಚರಾಗಿ ಎಡಬದಿಗೆ ನಿಂತಿತ್ತು. ಅದರ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡ ಮುದುಕರೊಬ್ಬರು ನಿಧಾನವಾಗಿ ಸೈಕಲ್ ತುಳಿಯುತ್ತಿದ್ದರು. ಅವರು ಅಂಚು ಬಿಡುವುದಿಲ್ಲ ಎಂದುಕೊಂಡು ನಾನು ಹಾಗೇ ಮುಂದುವರಿದೆ. ಟ್ರೈಲರಿನ ಹತ್ತಿರ ಬಂದದ್ದೇ ಅವರು ತಟ್ಟನೆ ಬಲಕ್ಕೆ ತಿರುಗಿದರು. ನಾನು ಬ್ರೇಕು ಒತ್ತಿದೆ, ಗಾಡಿ ಜಾರಿತು, ಇಬ್ಬರೂ ಬಿದ್ದೆವು. ಅವರ ಮೊಣಕೈ ತರಚಿತು, ನನ್ನ ಕಾಲಿಗೆ ಮೂರು ಹೊಲಿಗೆ ಬಿತ್ತು. ಎದುರಿನಿಂದ ಆ ಹೊತ್ತಿಗೆ ಲಾರಿಯೊಂದು ಬರಲಿಲ್ಲವಾದ್ದರಿಂದ ಈ ಲೇಖನ ಬರೆಯಲು ಕೂತಿದ್ದೇನೆ.

"ಕೈ ತೋರಿಸಬಾರದಿತ್ತಾ ಅಜ್ಜ?" ಎಂದೆ. "ನಾನೇನು ಬೆನ್ನಲ್ಲಿ ಕಣ್ಣು ಮಡಗಿದ್ದೀನಾ? ಹಿಂದಿಂದ ಬರೋನು ನೋಡ್ಕಂಡು ಬರಬೇಕು" ಎಂದರು. ಇಬ್ಬರ ಮಾತೂ ಸರಿಯೇ. ಮುಂದೆ ಗಾಡಿ ನಿಂತಿರುವುದು ನನಗೂ ಕಂಡಿತ್ತು. ಅವರು ಹೊರಗೆ ಬಂದೇ ಬರಬೇಕು ಎಂದು ನಾನು ಊಹಿಸಬೇಕಿತ್ತು, ಊಹಿಸಲಿಲ್ಲ. ಹಿಂದಿನಿಂದ ಬರುವವರಲ್ಲಿ ಹೆಚ್ಚಿನವರು ಊಹಿಸುವುದಿಲ್ಲ. ಅವರ ಕಣ್ಣಿಗೆ ಸೈಕಲ್ ಎಂದರೆ ರಸ್ತೆಯ ಅಂಚಿನಲ್ಲಿ ನೇರವಾಗಿ ಸಾಗುವ ಒಂದು ವಸ್ತು, ಅಷ್ಟೆ.

ಹಾಲಿನವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೈ ತೋರಿಸುವುದು ನಿಂತ ಬಸ್ಸಿಗಲ್ಲ, ಬೆನ್ನ ಹಿಂದಿನವನಿಗೆ.

ಎಂಟು ಸೆಕೆಂಡಿನ ಲೆಕ್ಕ

ಒಂದಿಷ್ಟು ಲೆಕ್ಕ ಹಾಕೋಣ. ನೀವು ಗಂಟೆಗೆ 14 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುತ್ತೀರಿ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 4 ಮೀಟರ್. ನಿಂತ ಬಸ್ಸಿನ ಉದ್ದ ಸುಮಾರು 11 ಮೀಟರ್. ಅದಕ್ಕೆ 15 ಮೀಟರ್ ಹಿಂದಿನಿಂದಲೇ ನೀವು ಬಲಕ್ಕೆ ಸರಿಯತೊಡಗಿ, ಬಸ್ಸನ್ನು ದಾಟಿ, ಇನ್ನೂ 5 ಮೀಟರ್ ಮುಂದೆ ಹೋಗಿ ಎಡಕ್ಕೆ ಬರುತ್ತೀರಿ. ಒಟ್ಟು 31 ಮೀಟರ್. ಹತ್ತಿರ ಹತ್ತಿರ ಎಂಟು ಸೆಕೆಂಡು ನೀವು ರಸ್ತೆಯ ನಡುಭಾಗದಲ್ಲಿ ಇರುತ್ತೀರಿ.

ಹಿಂದಿನ ಮೋಟಾರ್ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ನಿಮ್ಮ ಎಂಟು ಸೆಕೆಂಡಿನಲ್ಲಿ ಅದು 130 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 64 ಮೀಟರ್. ಅಂಥ ಎರಡು ಹೊಲದ ಉದ್ದದಷ್ಟು ದೂರದಲ್ಲಿ, ಎಲ್ಲೋ ಇದೆ ಎಂದು ನೀವು ಎಣಿಸಿದ ಗಾಡಿ, ನೀವು ಬಸ್ಸನ್ನು ದಾಟುವಷ್ಟರಲ್ಲಿ ನಿಮ್ಮ ಬೆನ್ನಿಗೆ ಬಂದಿರುತ್ತದೆ.

ಇನ್ನು ನಿಲ್ಲಿಸುವ ಮಾತು. ಆ ವೇಗದ ಗಾಡಿ ನಿಲ್ಲಲು ಒಣ ಡಾಂಬರಿನ ಮೇಲೂ 40 ಮೀಟರಿನಷ್ಟು ಜಾಗ ಬೇಕು. ಅದರಲ್ಲಿ ಮೊದಲ ಹದಿನೇಳು ಮೀಟರ್ ಚಾಲಕನಿಗೆ ವಿಷಯ ತಿಳಿದು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲೇ ಖರ್ಚಾಗುತ್ತದೆ. ಹೇರು ತುಂಬಿದ ಲಾರಿಗೆ, ಮಳೆಯಲ್ಲಿ ನೆನೆದ ರಸ್ತೆಗೆ ಇದಕ್ಕಿಂತ ಹೆಚ್ಚು. ನೀವು ಹೊರಳುವ ಮೂರು ಸೆಕೆಂಡು ಮೊದಲು ಕೈ ಚಾಚಿದರೆ ಅವನ ಪಾಲಿಗೆ 50 ಮೀಟರ್ ಸಿಕ್ಕಂತೆ. ಹೊರಳುತ್ತಾ ಹೊರಳುತ್ತಾ ಕೈ ಚಾಚಿದರೆ ಏನೂ ಸಿಕ್ಕಂತಲ್ಲ. ನಮ್ಮಲ್ಲಿ ಕೈ ತೋರಿಸುವವರೂ ಬಹುಪಾಲು ಈ ಎರಡನೆಯ ಬಗೆಯವರೇ. ಸೈಕಲ್ ಬಲಕ್ಕೆ ತಿರುಗಿದ ಮೇಲೆ ಕೈ ಹೊರಬರುತ್ತದೆ. ಅದು ಸೂಚನೆಯಲ್ಲ, ವರದಿ.

ಆದ್ದರಿಂದ ಬಸ್ಸು ಇನ್ನೂ ಎರಡೂವರೆ, ಮೂರು ಬಸ್ಸಿನ ಉದ್ದದಷ್ಟು ದೂರದಲ್ಲಿರುವಾಗಲೇ ಕೆಲಸ ಶುರುವಾಗಬೇಕು.

ಮೊದಲು ಕತ್ತು, ಆಮೇಲೆ ಕೈ

ಇಲ್ಲಿ ನಾನು ಮೇಷ್ಟ್ರ ಮಾತಿಗೆ ಒಂದು ಮಾತು ಸೇರಿಸುತ್ತೇನೆ. ಕೈ ಚಾಚುವುದಕ್ಕಿಂತ ಮೊದಲು ಬಲಭುಜದ ಮೇಲಿಂದ ಹಿಂದಿರುಗಿ ನೋಡಬೇಕು. ನೋಡದೆ ಚಾಚಿದ ಕೈಗೆ ಬೆಲೆಯಿಲ್ಲ. ಕೈ ತೋರಿಸಿದ್ದೇನೆ, ಇನ್ನು ರಸ್ತೆ ನನ್ನದು ಎಂದು ಧೈರ್ಯವಾಗಿ ಬಲಕ್ಕೆ ಬರುವವನು, ಕೈ ತೋರಿಸದೆ ಹೆದರುತ್ತಾ ಬರುವವನಿಗಿಂತ ಹೆಚ್ಚು ಅಪಾಯದಲ್ಲಿದ್ದಾನೆ. ಹಿಂದಿನವನು ನಿಮ್ಮ ಕೈಯನ್ನು ನೋಡಿರಲೇಬೇಕೆಂದಿಲ್ಲ. ಅವನ ಕಣ್ಣು ಮೊಬೈಲಿನ ಮೇಲಿರಬಹುದು, ಇಳಿಬಿಸಿಲು ಅವನ ಮುಖಕ್ಕೆ ಹೊಡೆಯುತ್ತಿರಬಹುದು. ಕೈ ಚಾಚುವುದು ದಾರಿ ಕೇಳುವುದು. ಕೇಳಿದ ಮೇಲೆ ಇನ್ನೊಮ್ಮೆ ಹಿಂದಿರುಗಿ, ಆತ ವೇಗ ತಗ್ಗಿಸಿದನೇ ಎಂದು ನೋಡಿ, ಆಮೇಲೆ ಹೊರಳಬೇಕು. ತಗ್ಗಿಸದಿದ್ದರೆ ಅವನನ್ನು ಹೋಗಲು ಬಿಡಿ. ಬಸ್ಸಿನ ಹಿಂದೆ ಅರ್ಧ ನಿಮಿಷ ಕಾಲೂರಿ ನಿಂತರೆ ಹಾಲು ಒಡೆಯುವುದಿಲ್ಲ.

ಹಿಂದಿರುಗಿ ನೋಡಿದಾಗ ದೂರದವರೆಗೂ ಯಾರೂ ಇಲ್ಲದಿದ್ದರೆ? ಆಗ ಕೈ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಖಾಲಿ ರಸ್ತೆಗೆ ಕೈ ತೋರಿಸುವುದರಿಂದ ಒಂದು ಕೈಯಲ್ಲಿ ಸೈಕಲ್ ಹಿಡಿದ ಅಪಾಯವೊಂದೇ ಲಾಭ. ಆದರೆ ಶಾಲೆಗೆ ಹೋಗುವ ಮಕ್ಕಳ ಮಾತು ಬೇರೆ. ದೂರದ ಗಾಡಿಯ ವೇಗವನ್ನು ಅಳೆಯುವುದು ಅವರಿಗೆ ಇನ್ನೂ ತಿಳಿಯದು. ಅವರು ಪ್ರತಿ ಸಲವೂ ನೋಡಿ, ಪ್ರತಿ ಸಲವೂ ಕೈ ಚಾಚುವ ರೂಢಿ ಇಟ್ಟುಕೊಳ್ಳುವುದೇ ಲೇಸು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಸೈಕಲ್ ಹತ್ತಿದರು. ಪೆಡಲು ತುಳಿಯುವುದನ್ನು ಮಕ್ಕಳು ತಾವೇ ಕಲಿಯುತ್ತಾರೆ. ಹಿಂದಿರುಗಿ ನೋಡುವುದನ್ನು ಮಾತ್ರ ಯಾರಾದರೂ ಹೇಳಿಕೊಡಬೇಕು.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಸೈಕಲ್ಲು ಮೋಟಾರು ವಾಹನವಲ್ಲ, ಆದ್ದರಿಂದ ಮೋಟಾರು ಚಾಲಕರಿಗಾಗಿ ಮಾಡಿದ ಸಂಜ್ಞೆಯ ನಿಯಮಗಳು ನೇರವಾಗಿ ಸೈಕಲ್ಲಿನವರ ಮೇಲಿಲ್ಲ. ಆದರೂ ಆ ನಿಯಮದ ಮಾತು ತಿಳಿದಿರುವುದು ಒಳ್ಳೆಯದು. 1989ರ ರಸ್ತೆ ನಿಯಮಗಳಲ್ಲಿ, ಬಲಕ್ಕೆ ತಿರುಗುವಾಗ ಮಾತ್ರವಲ್ಲ, ಇನ್ನೊಂದು ವಾಹನವನ್ನು ದಾಟಲು ರಸ್ತೆಯ ಬಲಭಾಗಕ್ಕೆ ಸರಿಯುವಾಗಲೂ ಬಲಗೈಯನ್ನು ಹೊರಕ್ಕೆ ನೇರವಾಗಿ ಚಾಚಿ, ಅಂಗೈಯನ್ನು ಮುಂದಕ್ಕೆ ತೋರಿಸಬೇಕೆಂದು ಬರೆದಿತ್ತು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಇಂದು ಮೋಟಾರು ಗಾಡಿಯವರು ಬಲಗಡೆಯ ದೀಪ ಮಿನುಗಿಸುತ್ತಾರೆ. ಸೈಕಲ್ಲಿಗೆ ಆ ದೀಪವಿಲ್ಲ, ಕನ್ನಡಿಯೂ ಇಲ್ಲ. ನಮ್ಮ ಕೈಯೇ ದೀಪ, ಕತ್ತೇ ಕನ್ನಡಿ.

ಒಂದೇ ಕೈ, ಎರಡು ಅರ್ಥ

ಈ ಸಂಜ್ಞೆಯಲ್ಲಿ ಒಂದು ತೊಡಕಿದೆ. ಬಲಗೈ ಚಾಚಿದರೆ "ಬಲಕ್ಕೆ ತಿರುಗುತ್ತೇನೆ" ಎಂದೂ ಆಗುತ್ತದೆ, "ಈ ಗಾಡಿಯನ್ನು ದಾಟಿ ಮತ್ತೆ ಎಡಕ್ಕೆ ಬರುತ್ತೇನೆ" ಎಂದೂ ಆಗುತ್ತದೆ. ಎರಡಕ್ಕೂ ಬೇರೆ ಬೇರೆ ಕೈಸನ್ನೆ ಇಲ್ಲ. ಬಲಗಡೆಗೆ ಊರಿನ ದಾರಿಯೋ ಪೆಟ್ರೋಲ್ ಬಂಕೋ ಇದ್ದರೆ, ಹಿಂದಿನ ಮೋಟಾರ್ ಸೈಕಲ್ಲಿನವನು ನೀವು ಅತ್ತ ತಿರುಗುವವರೆಂದು ತಿಳಿದು ನಿಮ್ಮ ಎಡಕ್ಕೆ, ಅಂದರೆ ನಿಮಗೂ ನಿಂತ ಬಸ್ಸಿಗೂ ನಡುವೆ ನುಗ್ಗಲು ನೋಡುತ್ತಾನೆ. ನೀವು ಬಸ್ಸನ್ನು ದಾಟಿದ ಕೂಡಲೇ ಎಡಕ್ಕೆ ವಾಲಿದರೆ ಅವನ ಹ್ಯಾಂಡಲ್ ನಿಮ್ಮ ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಉಪಾಯವೆಂದರೆ ಎರಡು ಮೂರು ಸೆಕೆಂಡು ಕೈ ಚಾಚಿ, ಬಲಕ್ಕೆ ಸರಿದ ಕೂಡಲೇ ಕೈಯನ್ನು ಹ್ಯಾಂಡಲಿಗೆ ತಂದುಬಿಡುವುದು. ಬಸ್ಸಿನ ಉದ್ದಕ್ಕೂ ಕೈ ಹೊರಗಿಟ್ಟುಕೊಂಡು ಹೋಗಬಾರದು. ಮತ್ತೆ ಎಡಕ್ಕೆ ಬರುವ ಮೊದಲು ಎಡಗಡೆಯನ್ನೂ ಒಮ್ಮೆ ನೋಡಬೇಕು.

ಸಂತೆಯ ದಿನ ಆಟೋ, ಟೆಂಪೊ, ಗೂಡ್ಸ್ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಕೈ ತೋರಿಸುತ್ತಾ, ನಡುನಡುವೆ ಸಂದಿನೊಳಗೆ ಹೊಕ್ಕು ಹೊರಬರುವುದು ಸರಿಯಲ್ಲ. ಸಾಲಿನ ಮೊದಲ ಗಾಡಿಗೇ ಒಮ್ಮೆ ಕೈ ತೋರಿಸಿ ಹೊರಬಂದು, ಸಾಲು ಮುಗಿಯುವವರೆಗೆ ಒಂದೇ ಗೆರೆಯಲ್ಲಿ ಸಾಗಿ. ಗಾಡಿಗಳಿಂದ ಒಂದು ಬಾಗಿಲಿನ ಅಗಲ, ಅಂದರೆ ಎರಡು ಮೊಳಕ್ಕೆ ಕಡಿಮೆಯಿಲ್ಲದಷ್ಟು ದೂರವಿರಲಿ. ಜೀಪಿನ ಚಾಲಕ ಬೆನ್ನ ಹಿಂದೆ ನೋಡದೆ ಬಾಗಿಲು ತೆರೆಯುವುದನ್ನು ನೀವೆಲ್ಲ ಕಂಡಿದ್ದೀರಿ.

ನಿಂತ ಗಾಡಿ ನಿಂತೇ ಇರುವುದಿಲ್ಲ

ಬಸ್ಸು ನಿಂತಿದೆ ಎಂದು ನಂಬಿ ಹೊರಳಿದಿರಿ. ಅಷ್ಟರಲ್ಲಿ ಕಂಡಕ್ಟರು "ರೈಟ್ ರೈಟ್" ಎಂದರು, ಬಸ್ಸು ಹೊರಟೇಬಿಟ್ಟಿತು. ಈಗ ನೀವು ರಸ್ತೆಯ ನಡುವೆ, ಬಸ್ಸಿನ ಜೊತೆಜೊತೆಗೆ. ಇದಕ್ಕಿಂತ ಕೆಟ್ಟ ಜಾಗ ಸೈಕಲ್ಲಿನವನಿಗೆ ಇನ್ನೊಂದಿಲ್ಲ. ಆದ್ದರಿಂದ ಹೊರಳುವ ಮೊದಲು ಬಸ್ಸನ್ನು ಓದಬೇಕು. ಕೊನೆಯ ಪ್ರಯಾಣಿಕ ಹತ್ತುತ್ತಿದ್ದಾನೆಯೇ, ಇನ್ನೂ ಹತ್ತು ಜನ ಇಳಿಯಬೇಕಿದೆಯೇ? ಇಂಜಿನ್ನಿನ ಸದ್ದು ಏರಿತೇ? ಮುಂದಿನ ಚಕ್ರ ಬಲಕ್ಕೆ ಹೊರಳುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಹಿಂದೆಯೇ ಉಳಿಯಿರಿ, ಬಸ್ಸೇ ನಿಮಗೆ ದಾರಿ ಮಾಡಿಕೊಡುತ್ತದೆ.

ಬಸ್ಸಿನ ಬಾಗಿಲಿರುವುದು ಎಡಕ್ಕೆ. ಎಡಗಡೆಯ ಸಂದಿನಲ್ಲಿ ನುಸುಳಿ ಹೋಗುವವರು ಇಳಿಯುವ ಹೆಂಗಸರ ಮಕ್ಕಳ ಕಾಲಿಗೆ ಚಕ್ರ ಹಾಯಿಸುತ್ತಾರೆ. ಬಲಗಡೆಯಿಂದ ಹೋದರೂ ಬಸ್ಸಿನ ಮೂತಿಯ ಹತ್ತಿರ ಬೆಲ್ ಹೊಡೆಯುತ್ತಾ, ಬ್ರೇಕಿನ ಮೇಲೆ ಬೆರಳಿಟ್ಟೇ ಹೋಗಬೇಕು. ಇಳಿದವರು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟುವುದು ನಮ್ಮಲ್ಲಿ ರೂಢಿ.

ನಿಂತ ಲಾರಿಯ ಬಲಗಡೆಯ ದೀಪ ಮಿನುಗುತ್ತಿದ್ದರೆ ಏನೆಂದು ತಿಳಿಯಬೇಕು? "ನೀನು ಮುಂದೆ ಹೋಗು" ಎಂದು ಹೇಳಲೂ ನಮ್ಮ ಲಾರಿಯವರು ಅದೇ ದೀಪ ಹಾಕುತ್ತಾರೆ, "ನಾನು ಹೊರಡುತ್ತೇನೆ" ಎನ್ನಲೂ ಅದನ್ನೇ ಹಾಕುತ್ತಾರೆ. ಸೈಕಲ್ಲಿನವರು ಯಾವಾಗಲೂ ಎರಡನೆಯ ಅರ್ಥವನ್ನೇ ಹಿಡಿಯುವುದು ಕ್ಷೇಮ. ಚಾಲಕ ಕಿಟಕಿಯಿಂದ ಕೈ ಬೀಸಿ ಕರೆದರೂ ಎದುರಿನ ರಸ್ತೆಯನ್ನು ನೀವೇ ಕಣ್ಣಾರೆ ನೋಡಿದ ಮೇಲೆ ಹೋಗಿ.

ಎತ್ತಿನ ಗಾಡಿಯ ಸಂಗತಿ ಬೇರೆ. ಅಲ್ಲಿ ಎತ್ತಿನ ಪಕ್ಕದಲ್ಲಿ ಬೆಲ್ ಹೊಡೆಯಬೇಡಿ. ಬೆದರಿದ ಎತ್ತು ನೊಗವನ್ನು ಯಾವ ಕಡೆಗೆ ಎಳೆಯುತ್ತದೆ ಎಂದು ಗಾಡಿ ಹೂಡಿದವನಿಗೂ ತಿಳಿಯದು. ದೂರದಿಂದಲೇ ಗಾಡಿಯವನನ್ನು ಕೂಗಿ, ಅಗಲವಾಗಿ ಬಳಸಿ ಹೋಗಿ.

ಹಳ್ಳಿಯ ಒಂಟಿ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಬಸ್ಸು ಡಾಂಬರಿನ ಮೇಲೇ ನಿಂತರೆ ಉಳಿಯುವುದು ಒಂದು ಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟನ್ನೂ ನೀವೇ ತೆಗೆದುಕೊಳ್ಳುತ್ತೀರಿ. ಇಂಥ ಕಡೆ ಕೈ ಚಾಚುವುದೆಂದರೆ "ಉಳಿದ ರಸ್ತೆಯೆಲ್ಲ ನನಗೆ ಬೇಕು" ಎಂದು ಕೇಳಿದಂತೆ. ಎದುರಿನಿಂದ ಯಾರಾದರೂ ಬರುತ್ತಿದ್ದರೆ ಕೇಳುವ ಹಕ್ಕು ನಿಮಗಿಲ್ಲ. ಅಡ್ಡಿ ಇರುವುದು ನಿಮ್ಮ ಬದಿಯಲ್ಲಿ, ಕಾಯಬೇಕಾದವರೂ ನೀವೇ.

ಹೇರು ಇದ್ದರೆ?

ವಾಚನಾಲಯದಲ್ಲಿ ಹಾಲಿನವರು ಎತ್ತಿದ ಎರಡನೆಯ ಆಕ್ಷೇಪಣೆಯೇ ಗಟ್ಟಿಯಾದದ್ದು. "ಎರಡು ಕಡೆ ಕ್ಯಾನ್ ತೂಗಿಹಾಕಿರ್ತೀನಿ. ಒಂದು ಕೈ ಬಿಟ್ರೆ ಸೈಕಲ್ ಅಡ್ಡ ಬೀಳ್ತದೆ. ನೀವು ಹೇಳೋದು ಖಾಲಿ ಸೈಕಲ್ಲಿನವರಿಗೆ."

ಮಾತು ನಿಜ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. 20 ಲೀಟರಿನ ಎರಡು ಕ್ಯಾನಿನಲ್ಲಿ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ತುಂಬಿದ ಕ್ಯಾನಿಗಿಂತ ಅರೆತುಂಬಿದ ಕ್ಯಾನು ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಒಳಗೆ ಹಾಲು ಓಲಾಡಿ ಸೈಕಲ್ಲನ್ನು ಆಚೀಚೆ ಎಳೆಯುತ್ತದೆ. ಹುಲ್ಲಿನ ಹೊರೆಯಾದರೆ ಹಿಂದೆ ನೋಡಲೂ ಬಿಡುವುದಿಲ್ಲ. ನೋಡಲಾಗದ, ಕೈ ಬಿಡಲಾಗದ ಸೈಕಲ್ ಸವಾರನಿಗೆ ನಾನು ಕೈ ತೋರಿಸು ಎನ್ನುವುದಿಲ್ಲ. ಅವನು ದಾಟುವುದೇ ಬೇಡ. ಬಸ್ಸು ಹೊರಡುವವರೆಗೆ ಹಿಂದೆ ನಿಲ್ಲಲಿ. ಕೆಟ್ಟು ನಿಂತ ಟ್ರಾಕ್ಟರಾದರೆ ಇಳಿದು, ಹಿಂದೆ ಮುಂದೆ ನೋಡಿ, ಸೈಕಲ್ ತಳ್ಳಿಕೊಂಡು ದಾಟಲಿ. ಹೇರಿನ ಸೈಕಲ್ಲನ್ನು ಮತ್ತೆ ಹತ್ತುವುದು ಕಷ್ಟದ ಕೆಲಸ ಎಂಬುದು ನನಗೂ ಗೊತ್ತು. ಅಂದು ಬಿದ್ದ ಅಜ್ಜನ ಹೊರೆಯನ್ನು ಮತ್ತೆ ಎತ್ತಿ ಕಟ್ಟಲು ಮೂವರು ಬೇಕಾದರು.

ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಗಾಡಿಗಳಿಂದ ತುಳಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಹಾಸಿನ ಮೇಲೆ ಚಕ್ರ ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿಯೂ ಕೈ ಬಿಡಬೇಡಿ. ಕತ್ತಲಲ್ಲಿ ಚಾಚಿದ ಕೈ ಯಾರಿಗೂ ಕಾಣುವುದಿಲ್ಲವಾದ್ದರಿಂದ ರಾತ್ರಿಗೂ ಇದೇ ಮಾತು: ನಿಂತು, ಹಿಂದಿನ ದೀಪಗಳು ಹಾದುಹೋದ ಮೇಲೆ ದಾಟುವುದು.

ಇನ್ನು ಗಾಡಿ ನಿಲ್ಲಿಸುವವರಿಗೂ ಒಂದು ಮಾತು. ಈ ಪುಟ ಓದುವವರಲ್ಲಿ ಟ್ರಾಕ್ಟರ್ ಇಟ್ಟವರು ಅನೇಕರು. ಸೈಕಲ್ಲಿನವನು ರಸ್ತೆಯ ನಡುವಿಗೆ ಬರುವುದು ಅವನ ಆಸೆಯಿಂದಲ್ಲ, ನಿಮ್ಮ ಟ್ರೈಲರು ಅಲ್ಲಿ ನಿಂತಿದೆ ಎಂದು. ಅಪಾಯವಾಗುವಂತೆ ಗಾಡಿಯನ್ನಾಗಲಿ ಟ್ರೈಲರನ್ನಾಗಲಿ ರಸ್ತೆಯಲ್ಲಿ ಬಿಡಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಪಂಕ್ಚರಾದರೆ ಆದಷ್ಟೂ ಮಣ್ಣಿಗೆ ಇಳಿಸಿ. ಹಿಂದೆ ಸೊಪ್ಪಿನ ಕೊಂಬೆ ಹಾಕುವುದು ಹಗಲಿಗೆ ಸಾಕಾದೀತು, ರಾತ್ರಿಗೆ ಹೊಳೆಯುವ ಪಟ್ಟಿಯೇ ಬೇಕು. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ಎತ್ತಿ ಹಾಕಿ. ಗಾಡಿ ಹೋದ ಮೇಲೂ ಉಳಿದ ಆ ಕಲ್ಲುಗಳನ್ನು ಬಳಸಲು ಸೈಕಲ್ಲಿನವರು ಮತ್ತೆ ನಡುರಸ್ತೆಗೆ ಬರಬೇಕಾಗುತ್ತದೆ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಮೋಟಾರ್ ಸೈಕಲ್, ಆಟೋ, ಟ್ರಾಕ್ಟರುಗಳಿಗೂ ಎತ್ತಿನ ಗಾಡಿ, ಸೈಕಲ್ಲುಗಳಿಗೂ ಪ್ರವೇಶವಿಲ್ಲ. ಇವೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಬಂದಿವೆ. ಮದ್ದೂರು, ಮಂಡ್ಯದ ಸುತ್ತಿನ ಓದುಗರಿಗೆ ನಿಂತ ಗಾಡಿಯನ್ನು ಬಳಸಿ ಹೋಗುವುದು ಈಗ ದಿನಕ್ಕೆ ಹತ್ತಾರು ಸಲದ ಕೆಲಸ.

ಕಣದಲ್ಲಿ ಅಭ್ಯಾಸ

ಹಿಂದಿರುಗಿ ನೋಡಿದಾಗ ಸೈಕಲ್ಲೂ ಅತ್ತಲೇ ಎಳೆಯುತ್ತದೆ, ಇದು ಎಲ್ಲರಿಗೂ ಆಗುವುದೇ. ಇದನ್ನು ರಸ್ತೆಯಲ್ಲಿ ಕಲಿಯಬಾರದು. ಖಾಲಿ ಕಣದಲ್ಲೋ ಶಾಲೆಯ ಮೈದಾನದಲ್ಲೋ ಬೂದಿಯಿಂದ 30 ಹೆಜ್ಜೆಯ ನೇರ ಗೆರೆ ಎಳೆಯಿರಿ. ಮಗ ಅಥವಾ ಮಗಳು ಗೆರೆಯ ಪಕ್ಕದಲ್ಲೇ ಸೈಕಲ್ ತುಳಿಯಲಿ. ನೀವು ಹಿಂದೆ ನಿಂತು ಬೆರಳೆತ್ತಿ, "ಎಷ್ಟು?" ಎಂದು ಕೇಳಿ. ಅವರು ಬಲಭುಜದ ಮೇಲಿಂದ ನೋಡಿ, ಗೆರೆ ದಾಟದೆ ಬೆರಳಿನ ಲೆಕ್ಕ ಹೇಳಬೇಕು. ಅದು ಸರಿಯಾದ ಮೇಲೆ ಬಲಗೈ ಚಾಚಿ ಮೂರು ಎಣಿಸುವುದನ್ನು ಸೇರಿಸಿ. ನಾಲ್ಕು ಸಂಜೆ ಸಾಕು.

ಅದಕ್ಕೂ ಮೊದಲು ಒಂದು ಪರೀಕ್ಷೆ. ಬಲಗೈ ಹೊರಗಿರುವಾಗ ನಿಮಗೆ ಉಳಿಯುವುದು ಎಡಗೈ ಬ್ರೇಕೊಂದೇ. ಅದು ಯಾವ ಚಕ್ರವನ್ನು ಹಿಡಿಯುತ್ತದೆ, ಹಿಡಿಯುತ್ತದೆಯೇ ಇಲ್ಲವೇ ನೋಡಿಕೊಳ್ಳಿ. ಮುಂದಿನ ಚಕ್ರದ್ದಾದರೆ ಒಂದೇ ಕೈಯಲ್ಲಿ ಜೋರಾಗಿ ಒತ್ತಬೇಡಿ, ಹ್ಯಾಂಡಲ್ ತಿರುಚಿಕೊಳ್ಳುತ್ತದೆ.

ಅಂದು ವಾಚನಾಲಯದಲ್ಲಿ ಈ ಮಾತು ಬಂದಾಗ ಹಾಲಿನವರು ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ತಮ್ಮ ಸೈಕಲ್ಲಿನ ಎಡಗೈ ಬ್ರೇಕು ಒತ್ತಿ, ಮುಂದಕ್ಕೆ ತಳ್ಳಿ ನೋಡಿದರು. ಸೈಕಲ್ ಸಲೀಸಾಗಿ ಮುಂದೆ ಹೋಯಿತು. ರಬ್ಬರು ಸವೆದು ಬರೀ ತಗಡು ಉಳಿದಿತ್ತು. "ಇದು ಎಷ್ಟು ದಿವಸದಿಂದ ಹಿಂಗಿತ್ತೋ" ಎಂದು ಗೊಣಗುತ್ತಾ, ಪೇಪರಿನ ಉಳಿದ ಹಾಳೆಯನ್ನೂ ಓದದೆ, ಸೈಕಲ್ ತಳ್ಳಿಕೊಂಡೇ ಬಸ್ ಸ್ಟಾಂಡಿನ ಹತ್ತಿರದ ಸೈಕಲ್ ಶಾಪಿನ ಕಡೆಗೆ ನಡೆದರು.